ಎಳನೀರು ಲೆಕ್ಕಕ್ಕಿಲ್ಲ

ಬಚ್ಚಲಿಂದ ಬಂದ ನಮ್ಮ ಯಜಮಾನರು ಮಂಚ ಹತ್ತಲಾರದೆ ನೆಲಕ್ಕೇ ಕೂತುಬಿಟ್ಟರು. ಕಾಲೊಳಗೆ ಹತ್ತಿ ತುಂಬಿದ ಹಾಗಿದೆ ಅಂದರು. ಮದ್ದೂರಿನಿಂದ ಮಂಡ್ಯದ ಆಸ್ಪತ್ರೆಗೆ ಕರೆದೊಯ್ದೆವು. ರಕ್ತ ಪರೀಕ್ಷೆ ನೋಡಿದ ಡಾಕ್ಟರು, "ಪೊಟ್ಯಾಸಿಯಂ ಅನ್ನೋ ಉಪ್ಪಿನಂಶ ಏರಿಬಿಟ್ಟಿದೆ. ಇನ್ನೂ ಏರಿದರೆ ಹೃದಯ ನಿಲ್ಲಬಹುದು" ಎಂದರು. ಅಲ್ಲೇ ನಿಂತು ಮನೆದೇವರಿಗೆ ಹರಕೆ ಹೊತ್ತೆ.

ದೇವರು ಕೇಳಿಸಿಕೊಂಡ. ಬೆಳಗಿನ ಹೊತ್ತಿಗೆ ಇಳಿದಿತ್ತು. ಸಂಜೆಗೆ ಮತ್ತೆ ಏರಿತು. ಮರುದಿನವೂ ಅದೇ ಕತೆ. ಡಾಕ್ಟರು ಬಿಪಿ ಮಾತ್ರೆ ನಿಲ್ಲಿಸಿದರು, ಬಾಳೆಹಣ್ಣು ನಿಲ್ಲಿಸಿದರು, ಇನ್ನೊಬ್ಬ ಡಾಕ್ಟರನ್ನೂ ಕರೆತಂದರು.

"ಅಪರೂಪದ ಕೇಸಮ್ಮ ಇದು. ನಾಳೆಯೂ ಹೀಗಾದರೆ ಡಯಾಲಿಸಿಸ್ ಮಾಡಬೇಕಾಗುತ್ತೆ. ಗಂಜಿ ಬಿಟ್ಟು ಬೇರೇನು ಕೊಟ್ಟಿರಿ?"

"ದೇವರಾಣೆ, ಏನೂ ಇಲ್ಲ" ಎಂದೆ.

ಚಿಕ್ಕರಸಿನಕೆರೆಯಿಂದ ದಿನಾ ಬಸ್ಸಲ್ಲಿ ಬರುತ್ತಿದ್ದ ಯಜಮಾನರ ಅಕ್ಕನೂ ದನಿಗೂಡಿಸಿದರು. "ಬಾಯ್ಗೆ ಏನೂ ಸೋಕ್ಸಿಲ್ಲ ಕಣಪ್ಪ ನನ್ ತಮ್ಮ."

ಕಾಲು ಪರೀಕ್ಷಿಸಲು ಡಾಕ್ಟರು ಮಂಚದ ಹತ್ತಿರ ಸರಿದರು. ಅವರ ಬೂಟು ತಾಗಿ ಅಡಿಯಿಂದ ಒಂದು ಬುರುಡೆ ಉರುಳಿತು. ಅದರ ಹಿಂದೆ ಇನ್ನೊಂದು.

"ಇದೇನು?"

"ಎಳ್ನೀರು ಬುರ್ಡೆ" ಎಂದರು ಅಕ್ಕ.

"ಏನೂ ಕೊಟ್ಟಿಲ್ಲ ಅಂದ್ರಲ್ಲ!"

"ಎಳ್ನೀರ್ನೂ ಲೆಕ್ಕಕ್ ಇಡ್ಕತಾರಾ? ದ್ಯಾವ್ರು ಕಾಯೊಳಿಕ್ ಇಟ್ಟಿರೋ ತೀರ್ಥ ಕಣಪ್ಪ ಅದು. ನೋಡಕ್ ಬಂದೋರೆಲ್ಲ ತತ್ತಾರೆ. ಬ್ಯಾಡ ಅಂದ್ರೆ ಮುನುಸ್ಕತಾರೆ."

ಡಾಕ್ಟರು ತಲೆಯ ಮೇಲೆ ಕೈಯಿಟ್ಟುಕೊಂಡರು. "ಮೊದಲೇ ಕಿಡ್ನಿ ಸೋತಿದೆ. ಎಳನೀರಲ್ಲಿ ತುಂಬಿರೋದೇ ಪೊಟ್ಯಾಸಿಯಂ! ಬೆಳಗ್ಗೆ ನಾನು ಇಳಿಸ್ತೀನಿ, ಸಂಜೆ ನೀವು ಏರಿಸ್ತೀರಿ. ನಾಳೆಯಿಂದ ಎಲ್ಲರೂ ಬರಿಗೈಲಿ ಬರಬೇಕು."

ನಾನು ಇಟ್ಟ ಆಣೆ ನೆನೆದು ಕೆನ್ನೆ ಬಡಿದುಕೊಂಡೆ. ಅಕ್ಕನಿಗೆ ಮಾತ್ರ ಡಯಾಲಿಸಿಸ್‌ಗಿಂತ ದೊಡ್ಡ ಆಘಾತ. "ಕಾಯ್ಲೆ ಬಿದ್ದೋನ್ ನೋಡಕ್ಕೆ ಬರಿಗೈ ಬೀಸ್ಕಂಡ್ ಬರೋದಾ? ಅದ್ಕಿಂತ ಬರ್ದೆ ಇರೋದೇ ವಾಸಿ!"

ಮರುದಿನ ಸಂಜೆ ನಾನೇ ಬಾಗಿಲಲ್ಲಿ ನಿಂತು ಬಂದವರ ಚೀಲ ನೋಡಿ ಒಳಗೆ ಬಿಟ್ಟೆ. ಅಕ್ಕ ಬಂದದ್ದು ಕೊನೆಗೆ. ಕೈ ಎರಡನ್ನೂ ಸೆರಗಲ್ಲಿ ಸುತ್ತಿಕೊಂಡು, ಕಳ್ಳತನ ಮಾಡಿದವರ ಹಾಗೆ ಹೊಸ್ತಿಲಾಚೆಯೇ ನಿಂತರು.

"ಒಳಿಕ್ ಬಾ ಅಕ್ಕ" ಎಂದರು ಯಜಮಾನರು.

"ಎಂಗ್ಲಾ ಬರ್ಲಿ? ಕೈಲೇನೂ ಇಲ್ವಲ್ಲೋ."

"ಈಗ ರಿಪೋರ್ಟ್ ಬಂತು. ಸಂಜೆಗೂ ಏರಿಲ್ವಂತೆ. ಡಯಾಲಿಸಿಸ್ ಬ್ಯಾಡ್ವಂತೆ. ಬಾ ನೀನು."

ಅಕ್ಕ ಒಳಗೆ ಬಂದು ಮಂಚದ ತುದಿಗೆ ಕೂತರು. ಆಮೇಲೆ ಆ ಎರಡು ಬರಿಗೈಯಲ್ಲೇ ತಮ್ಮನ ಕಾಲು ಒತ್ತತೊಡಗಿದರು. ಏನಾದರೊಂದು ಕೊಡದೆ ಅವರಿಗೆ ಊರಿಗೆ ಹೋಗಲು ಮನಸ್ಸು ಬಂದೀತೇ!