ಬೆಡ್‌ಶೀಟಿನ ಇನ್ನೊಂದು ಮೂಲೆ

ನನ್ನ ಹೆಂಡತಿಗೆ ಲಾಂಡ್ರಿಯಲ್ಲಿ ತಕರಾರಮ್ಮ ಎಂದೇ ಹೆಸರು. ಯೂನಿಯನ್ ಪ್ರತಿನಿಧಿಯಾದಾಗ ಸೂಪರ್‌ವೈಸರ್ ಇಟ್ಟದ್ದು. ಈಗ ಜೊತೆಯವರೂ ಹಾಗೇ ಕರೆಯುತ್ತಾರೆ. ಊಟದ ಬಿಡುವು ಮೊಟಕಾದರೂ ಅರ್ಜಿ, ಕೈಗವಸು ಹರಿದರೂ ಅರ್ಜಿ. ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅವಳ ಕಣ್ಣು ಹಾಸಿಗೆ ಹುಡುಕುತ್ತಿರುತ್ತದೆ. "ಇಷ್ಟು ಚಿಲ್ಲರೆ ವಿಷಯಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀಯ?" ಎಂದು ಕೇಳಿದರೆ, "ಯೂನಿಯನ್ ಮಾಡ್ಕೊಂಡ ಒಪ್ಪಂದ ತಾನಾಗೇ ಎದ್ದು ಮಾತಾಡಲ್ಲ. ನಾವು ಸುಮ್ನಿದ್ರೆ ಅದೂ ಸುಮ್ನಿರುತ್ತೆ" ಎನ್ನುತ್ತಾಳೆ. ಅಷ್ಟು ಹೇಳುವುದಕ್ಕೂ ಅವಳಿಗೆ ಸುಸ್ತು.

ನಾನು ಅದೇ ಲಾಂಡ್ರಿಯ ವ್ಯಾನ್ ಓಡಿಸುತ್ತೇನೆ. ಆಸ್ಪತ್ರೆಗಳಿಂದ ಕೊಳೆ ಬಟ್ಟೆ ತರುವುದು, ಒಗೆದದ್ದನ್ನು ಮುಟ್ಟಿಸುವುದು. ಪಕ್ಕದ ಮನೆಯಲ್ಲೇ ಇರುವ ನನ್ನ ತಂಗಿಗೂ ಅಲ್ಲೇ ಕೆಲಸ, ನನ್ನವಳ ಜೊತೆ ಇಸ್ತ್ರಿ ರೋಲರಿನ ಮುಂದೆ. ಒದ್ದೆ ಬೆಡ್‌ಶೀಟಿನ ಒಂದೊಂದು ಮೂಲೆಯನ್ನು ಒಬ್ಬೊಬ್ಬರು ಹಿಡಿದು ಕಾದ ರೋಲರಿಗೆ ಕೊಡಬೇಕು. ಒಬ್ಬರೇ ಕೊಡಲು ಹೋದರೆ ಬಟ್ಟೆ ಓರೆಯಾಗುತ್ತದೆ; ಸರಿಮಾಡಲು ಕೈ ಚಾಚಿದರೆ ಸುಡುತ್ತದೆ. ಹಾಗೆ ಎಷ್ಟೋ ಜನ ಸುಟ್ಟುಕೊಂಡ ಮೇಲೆ, ರೋಲರಿಗೆ ಇಬ್ಬರು ಇರಲೇಬೇಕು ಎಂಬ ಮಾತು ಒಪ್ಪಂದಕ್ಕೆ ಬಂತು.

ಆಮೇಲೆ ತಂಗಿಯ ಮಂಡಿ ಕೈಕೊಟ್ಟಿತು. ನಿಲ್ಲಲಾರೆ ಎಂದರೆ ಕೆಲಸಕ್ಕೇ ಸಂಚಕಾರ. "ನೀನು ಕೂತು ದಿಂಬಿನ ಕವರ್ ಮಡಚು, ನಾನು ನೋಡ್ಕೋತೀನಿ" ಎಂದು ನನ್ನವಳು ಎರಡೂ ಮೂಲೆ ತಾನೇ ಹಿಡಿದಳು. ಅವಳಿಗೆ ಸಾಕಾದಾಗ ಇನ್ನೊಬ್ಬಳು ಬಂದಳು. ಹೆಂಗಸರು ತಮ್ಮತಮ್ಮಲ್ಲೇ ಸರದಿ ಹಾಕಿಕೊಂಡರು. ಎಲ್ಲದಕ್ಕೂ ಅರ್ಜಿ ಹಾಕುವ ತಕರಾರಮ್ಮ ಇದೊಂದಕ್ಕೆ ಕಣ್ಣು ಮುಚ್ಚಿಕೊಂಡಳು. ಮನೆಯವರ ವಿಷಯ ಬಂದರೆ ಯಾರ ಬುದ್ಧಿಯಾದರೂ ಅಷ್ಟೇ.

ಹೊಸ ಮ್ಯಾನೇಜರ್ ಮಾತ್ರ ಕಣ್ಣು ಬಿಟ್ಟುಕೊಂಡೇ ಇದ್ದ. ಕೆಲವು ತಿಂಗಳು ತೆಪ್ಪಗೆ ನೋಡಿ, ಇನ್ನು ಮುಂದೆ ರೋಲರಿಗೆ ಒಬ್ಬರೇ ಎಂದು ಗೋಡೆಗೆ ನೋಟಿಸ್ ಅಂಟಿಸಿದ. ಉಳಿದವರನ್ನು ಮನೆಗೆ ಕಳಿಸುತ್ತಾರಂತೆ. ಮೊದಲು ಹೋಗುವವಳು ನನ್ನ ತಂಗಿ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನನ್ನವಳು ಅಂದೇ ತಕರಾರು ಅರ್ಜಿ ಕೊಟ್ಟಳು. ವಿಚಾರಣೆಯಲ್ಲಿ ಮ್ಯಾನೇಜರ್, "ಒಬ್ಬರೇ ಸಾಕು ಅಂತ ನೀವೇ ಮಾಡಿ ತೋರಿಸಿದ್ದೀರಲ್ಲಮ್ಮ?" ಎಂದನಂತೆ.

"ಹೌದು ಸಾರ್, ತಪ್ಪು ನಂದೇ. ಆದ್ರೆ ಅದು ನಾವು ನಮ್ಮವಳಿಗೆ ಮಾಡಿದ ಉಪಕಾರ. ನಿಮಗೆ ಬಿಟ್ಟುಕೊಟ್ಟಿದ್ದಲ್ಲ. ನಾಳೆಯಿಂದ ಇಬ್ಬರೂ ನಿಂತ್ಕೋತೀವಿ."

ಎಳೆದಾಡಿ ಎಳೆದಾಡಿ ಕೊನೆಗೆ ನೋಟಿಸ್ ಕಿತ್ತರು. ಅದರ ಜೊತೆಗೆ ತಂಗಿ ಕೂರುತ್ತಿದ್ದ ಸ್ಟೂಲೂ ಹೋಯಿತು.

"ಕೂತು ಮಾಡೋ ಕೆಲಸ ಕೊಡಿ ಅಂತ ಇನ್ನೊಂದು ಅರ್ಜಿ ಹಾಕ್ತೀನಿ ಕಣೆ. ಅಲ್ಲಿವರೆಗೆ ಹೆಂಗಾದ್ರೂ ತಡ್ಕೋ" ಎಂದಳು ನನ್ನವಳು.

"ನಿಂತ್ಕೊಳ್ಳೋಳು ನಾನಲ್ವಾ ಅತ್ತಿಗೆ" ಎಂದು ಎದ್ದು ಹೋದ ತಂಗಿ ಆಮೇಲೆ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಒಬ್ಬಳ ಪರ ಬಾಯಿಬಿಟ್ಟರೆ ಇನ್ನೊಬ್ಬಳ ಮುಖ ದಪ್ಪ. ನಾನು ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯಾದೆ. ನಿಜ ಹೇಳಬೇಕೆಂದರೆ ನನಗೆ ಹೆಂಡತಿಯ ಮೇಲೇ ಸಿಟ್ಟು ಬಂದಿತ್ತು. ಗೆದ್ದು ಏನು ಸಿಕ್ಕಿತು ಎನಿಸಿತ್ತು.

ಮೊನ್ನೆ ಟ್ರಾಲಿ ತಳ್ಳಿಕೊಂಡು ರೋಲರಿನ ಪಕ್ಕ ಹೋದೆ. ಇಬ್ಬರೂ ಒಂದೊಂದು ಮೂಲೆ ಹಿಡಿದು ನಿಂತಿದ್ದರು. ತಂಗಿಯ ಮಂಡಿ ಒಮ್ಮೆ ಕುಸಿದಂತಾಯಿತು. ನನ್ನವಳ ಕೈ ತನ್ನಷ್ಟಕ್ಕೆ ಆ ಮೂಲೆಯ ಕಡೆ ಚಾಚಿತು. ಅರ್ಧದಲ್ಲೇ ನಿಂತಿತು. ಗಾಜಿನ ಕೋಣೆಯೊಳಗಿಂದ ಮ್ಯಾನೇಜರ್ ನೋಡುತ್ತಿದ್ದ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಕಣ್ಣು ತುಂಬಿ ಬಂದಿತ್ತು, ತಲೆ ತಗ್ಗಿಸಿದಳು.

ತಂಗಿ ಅದನ್ನು ನೋಡಿದಳು. ಮಂಡಿಯನ್ನು ಯಂತ್ರದ ಕಂಬಿಗೆ ಒತ್ತಿಕೊಂಡು ನೆಟ್ಟಗಾದಳು.

"ಇರಲಿ ಬಿಡಿ ಅತ್ತಿಗೆ" ಎಂದಳು. "ಈ ಮೂಲೆ ನಂದು. ನೀವು ನಿಮ್ಮದು ಹಿಡ್ಕೊಳ್ಳಿ."