ಬೇಗ ವಾಪಸ್ ಬಂದ ಕಾರು
ಕುಕ್ ಟೌನಿನಲ್ಲಿ ಬಾಡಿಗೆಗೆ ಕಾರು ಕೊಡುವ ಇನಾಯತ್ ಉಲ್ಲಾ ಸಾಹೇಬರ ಕಣ್ಣು ತಪ್ಪಿಸಿ ಉಳಿದ ಗೀರು ಒಂದೂ ಇಲ್ಲ. ಕಾರು ವಾಪಸ್ ಬಂದದ್ದೇ ತಡ, ಟಾರ್ಚ್ ಹಿಡಿದು ಬಾಗಿಲ ಸಂದಿಗಳನ್ನೆಲ್ಲ ಇಣುಕಿ, ಸೀಟು ಮೂಸಿ, ನೀವು ದಾರಿಯಲ್ಲಿ ತಿಂದದ್ದು ಕಬಾಬೋ ಕೋಡುಬಳೆಯೋ ಎಂದು ಹೇಳಿಬಿಡುತ್ತಾರೆ. ತಡಮಾಡಿದವರು ಟ್ರಾಫಿಕ್ಕಿನ ಕಥೆ ತೆಗೆದರೆ, "ಕೆ.ಆರ್. ಪುರಂ ಜಾಮ್ ಇವತ್ತು ಹುಟ್ಟಿದ್ದಾ ಸಾರ್?" ಎಂದು ದಂಡ ಹಾಕುತ್ತಾರೆ. ಆದರೆ ಬೇಗ ತಂದವರೆದುರು ಮಾತ್ರ ಬೆಣ್ಣೆ. "ಮೊದ್ಲೇ ಒಂದ್ ಫೋನ್ ಹಾಕಿ ತನ್ನಿ, ಸಾಕು. ಎಕ್ಸ್‌ಟ್ರಾ ಏನೂ ಇಲ್ಲ." ಒಂದೇ ಒಂದು ಸಂದರ್ಭದಲ್ಲಿ ಅವರು ಕೀಲಿಗೆ ಕೈಯೊಡ್ಡುವುದಿಲ್ಲ: ಗಂಡ ಸ್ಟಿಯರಿಂಗ್ ಹಿಡಿದು, ಹೆಂಡತಿ ಹಿಂದಿನ ಸೀಟಿನಲ್ಲಿ ಕೂತು, ಇಬ್ಬರೂ ಮುಖ ಊದಿಸಿಕೊಂಡು ಅರ್ಧ ಪ್ರವಾಸಕ್ಕೇ ಹಿಂತಿರುಗಿದಾಗ. "ಗಾಡಿ ಇನ್ನೂ ನಿಮ್ದೇ ರೀ. ಹಲಸೂರು ಕೆರೆ ಹತ್ರ ನಿಲ್ಸಿ, ಚಾ ಕುಡೀರಿ, ಜಗಳ ಮುಗಿಸ್ಕೊಂಡು ಬನ್ನಿ" ಎಂದು ತಾವೇ ಮುಂದಿನ ಬಾಗಿಲು ತೆರೆದು, ಆಕೆ ಗಂಡನ ಪಕ್ಕಕ್ಕೆ ಬಂದು ಕೂರುವವರೆಗೂ ಹಿಡಿದು ನಿಲ್ಲುತ್ತಾರೆ. ಊರವರ ಸಂಸಾರದ ಉಸಾಬರಿ ಸಾಹೇಬರಿಗೇಕೆ ಎಂದು ನಾವು ನಗುತ್ತಿದ್ದೆವು. ಮೊನ್ನೆ ನೋಡಿದೆ: ಅವರ ಹೆಂಡತಿ ಶಂಶುನ್ನೀಸಾ ಮಹಡಿಯಿಂದ ಇಳಿದು, ಸಾಲಾಗಿ ನಿಂತ ಕಾರುಗಳ ನಡುವೆಯೇ ಹಾದು, ರಸ್ತೆಯಲ್ಲಿ ಆಟೊಗೆ ಕೈ ತೋರಿಸಿದರು. ಮದುವೆಯ ಹೊಸತರಲ್ಲಿ ಊಟಿಗೆಂದು ಹೊರಟು, ಜಗಳವಾಡಿ ಅರ್ಧದಾರಿಯಿಂದ ಮರಳಿದ ಮೇಲೆ ಅವರು ಗಂಡನ ಯಾವ ಕಾರನ್ನೂ ಹತ್ತಿಲ್ಲವಂತೆ. ಆಟೊ ತಿರುವು ದಾಟಿ ಹೋದ ಮೇಲೂ ಸಾಹೇಬರು ತೊಳೆದು ಒರೆಸಿದ ಕಾರಿನ ಮುಂದಿನ ಬಾಗಿಲು ತೆರೆದು ಹಿಡಿದುಕೊಂಡೇ ನಿಂತಿದ್ದರು.