ಸೋಪಿನ ನಾಟಿ

ಆರಡಿ ಎತ್ತರ, ಹುರಿ ಮಾಡಿದ ಬಿಳಿ ಮೀಸೆ, ಹೆಗಲ ಮೇಲೊಂದು ಟವೆಲ್ಲು. ಅವರು ಕೆಳಗೆ ಒಮ್ಮೆ ಕೆಮ್ಮಿದರೆ ಮೂರನೇ ಮಹಡಿಯವರೂ ಟೀವಿ ಸಣ್ಣದು ಮಾಡುತ್ತಿದ್ದರು. ಇಂಥ ನಮ್ಮ ಮನೆ ಮಾಲೀಕರಾದ ಮುನಿಶಾಮಪ್ಪನವರು ಪಕ್ಕದಲ್ಲಿ ಹಾದುಹೋದರೆ ಮಾತ್ರ, ಆಗಷ್ಟೇ ನೀರು ಹಾಕಿ ತೊಟ್ಟಿಲಲ್ಲಿ ಮಲಗಿಸಿದ ಹಸುಗೂಸಿನ ವಾಸನೆ ಬರುತ್ತಿತ್ತು. ಯಾಕೆಂದು ಕೇಳುವ ಧೈರ್ಯ ನಮ್ಮ ಸಿಂಗಾಪುರ ಬಡಾವಣೆಯಲ್ಲಿ ಯಾರಿಗೂ ಇರಲಿಲ್ಲ. ಮೊಮ್ಮಗುವನ್ನು ಎತ್ತಾಡಿಸುತ್ತಾರೇನೋ ಅಂದುಕೊಳ್ಳೋಣವೆಂದರೆ ಆ ಮೊಮ್ಮಗು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿತ್ತು, ಗಡ್ಡ ಬಿಟ್ಟಿತ್ತು.

ಈಗ ನಾವು ಸ್ಕೂಟರು ನಿಲ್ಲಿಸುವ ಜಾಗದಲ್ಲಿ ಅವರು ಒಂದು ಕಾಲಕ್ಕೆ ಎಲೆಕೋಸು ಬೆಳೆದು ಯಶವಂತಪುರದ ಮಾರುಕಟ್ಟೆಗೆ ಹಾಕುತ್ತಿದ್ದವರು. ಬಡಾವಣೆ ಬಂತು, ಹೊಲ ಹೋಯಿತು, ನಾಲ್ಕು ಮಹಡಿ ಎದ್ದಿತು. ಆದರೂ ಬಾಡಿಗೆದಾರರನ್ನು ಅವರು ಬೆಳೆಯ ಲೆಕ್ಕದಲ್ಲೇ ನೋಡುತ್ತಿದ್ದರು. ಹೊಸದಾಗಿ ಮದುವೆಯಾಗಿ ಬಂದ ಮೇಲಿನ ಮನೆಯವರು 'ಇನ್ನೂ ಬೇರು ಬುಟ್ಟಿಲ್ಲ'. ಕಾಲೇಜಿನಲ್ಲಿ ಪಾಠ ಮಾಡುವ ನಾನು, ಎಲ್ಲದಕ್ಕೂ ಯೋಚಿಸುವವನಾದ್ದರಿಂದ, 'ನೀರ್ ಜಾಸ್ತಿಯಾದ ಗಿಡ'. ನನಗೆ ಈ ಮಾತು ಸ್ವಲ್ಪ ನಾಟಿತ್ತು, ಯಾಕೆಂದರೆ ನಿಜವಾಗಿತ್ತು.

ನನ್ನ ಹೆಂಡತಿ ಸವಿತಾ ಬೆಳಿಗ್ಗೆ ಏಳಕ್ಕೇ ಆಫೀಸಿನ ಕ್ಯಾಬ್ ಹತ್ತುತ್ತಾಳೆ. ಹಾಗಾಗಿ ಮಗಳು ನಿಧಿಗೆ ಸ್ನಾನ ಮಾಡಿಸಿ ಸ್ಕೂಲ್ ವ್ಯಾನ್ ಹತ್ತಿಸುವುದು ನನ್ನ ಪಾಲು. ಅವಳಿಗೆ ಎರಡು ವರ್ಷವಿದ್ದಾಗ ಒಂದು ದಿನ ಅವಸರದಲ್ಲಿ ನನ್ನ ಗಂಧದ ಸೋಪನ್ನೇ ಅವಳಿಗೆ ಹಚ್ಚಿಬಿಟ್ಟಿದ್ದೆ. ಮೈಯೆಲ್ಲ ದದ್ದು. ಮೂರು ದಿನ ಮಗು ಕೆರೆದುಕೊಂಡು ಅತ್ತಿತು, ಮೂರು ದಿನ ಸವಿತಾ ನನ್ನೊಡನೆ ಮಾತಾಡಲಿಲ್ಲ. ಅಂದಿನಿಂದ ನಿಧಿಗೆ ಪಾಪು ಸೋಪು, ಪಾಪು ಶಾಂಪೂ. ವರ್ಷ ಆರಾದರೂ ಬದಲಾಯಿಸಲು ನನಗೆ ಕೈ ಬರಲಿಲ್ಲ. ಯಾವ ವಯಸ್ಸಿಗೆ ಬಿಡಿಸಬೇಕೆಂದು ಫೋನಿನಲ್ಲಿ ಹುಡುಕಿದರೆ ಹತ್ತು ಜನ ಹತ್ತು ವಯಸ್ಸು ಹೇಳುತ್ತಿದ್ದರು.

ಒಂದನೇ ಕ್ಲಾಸಿನ ಬೆಂಚಿನಲ್ಲಿ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡು 'ನಿಧಿ ಪಾಪು ವಾಸ್ನೆ' ಅಂದಳಂತೆ. ಮಾರನೇ ಬೆಳಿಗ್ಗೆ ನಿಧಿ ಹೇಗೋ ಸ್ನಾನಕ್ಕೆ ಬಂದಳು, ಆದರೆ ಯೂನಿಫಾರ್ಮ್ ಹಾಕಿಕೊಂಡು ಮೆಟ್ಟಿಲಲ್ಲೇ ಕೂತುಬಿಟ್ಟಳು. ಕೆಳಗೆ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ನಾನು ಬೇಡಿದೆ, ಗದರಿದೆ, ಐಸ್‌ಕ್ರೀಮಿನ ಆಸೆ ತೋರಿಸಿದೆ. ಜಗಲಿಯಲ್ಲಿ ಕೂತಿದ್ದ ಮುನಿಶಾಮಪ್ಪನವರು ಎದ್ದು ಬಂದರು.

"ಯಾಕ್ ಮಗಾ, ಏನಾಯ್ತು?"

ನಿಧಿ ಬಿಕ್ಕುತ್ತ ಎಲ್ಲ ಹೇಳಿದಳು. ಅವರು ಅಂಗಿಯ ತೋಳು ಮೇಲೇರಿಸಿ, ಕೈಯನ್ನು ಅವಳ ಮೂಗಿನ ಹತ್ತಿರ ಹಿಡಿದರು. "ಮೂಸ್ ನೋಡು."

ಮೂಸಿದಳು. ಅಳು ನಿಂತಿತು. "ತಾತಾ, ನೀವೂ ಪಾಪು ಸೋಪಾ?"

"ಊಂ ಕಣವ್ವ. ವಯಸ್ಸಾಯ್ತು, ಚರ್ಮ ತೆಳ್ಳಗಾಗೈತೆ. ಬ್ಯಾರೆ ಸೋಪು ಆಕುದ್ರೆ ಮೈಯೆಲ್ಲ ತುರಿತದೆ. ಡಾಕ್ಟ್ರು ಇದ್ನೇ ಆಕ್ಕಳಿ ಅಂದವ್ರೆ." ಆಮೇಲೆ ನನ್ನ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದರು. "ಯಾರ್ಗೂ ಯೇಳ್ಬ್ಯಾಡ. ಮೀಸೆ ಮರ್ವಾದೆ ಓಯ್ತದೆ."

ಇಷ್ಟು ದೊಡ್ಡ ಗುಟ್ಟು ಸಿಕ್ಕಿದ ಮೇಲೆ ಅಳುವುದಕ್ಕೆ ಪುರುಸೊತ್ತೆಲ್ಲಿ? ನಿಧಿ ವ್ಯಾನ್ ಹತ್ತಿದಳು. ಆದರೆ ಸಂಜೆ ಬಂದವಳೇ "ಅಪ್ಪ, ನಂಗೆ ನಿನ್ನ ಸೋಪೇ ಬೇಕು" ಎಂದು ಹಟ ಹಿಡಿದಳು. ನಾನು ಆಗಲ್ಲ ಅಂದೆ. ಪಂಚಾಯ್ತಿ ಕೆಳಗಿನ ಜಗಲಿಗೆ ಹೋಯಿತು.

"ಮೇಷ್ಟ್ರೇ, ಕೋಸಿನ ಒಟ್ಲು ನೋಡಿದ್ದೀರಾ?" ಎಂದರು. ಸಸಿ ಬೆಳೆಸುವ ಪಾತಿಗೆ ಅವರಲ್ಲಿ ಒಟ್ಲು ಅನ್ನುತ್ತಾರೆ. "ಸಸೀಗೆ ಮೇಲೆ ಗರಿ ನೆಳ್ಳು, ಎಲ್ಡೊತ್ತು ನೀರು. ಅಂಗಂತ ಅಲ್ಲೇ ಬುಟ್ರೆ ಉದ್ದುಕ್ಕೆ ಬೆಳ್ದು ಜೋತ್ ಬೀಳ್ತದೆ. ಒಂದೇ ಸಲ ಕಿತ್ತು ಬಿಸ್ಲಲ್ಲಿ ನೆಟ್ರೆ ಬಾಡೋಯ್ತದೆ. ನಾಟಿಗೆ ಮುಂಚೆ ವಸಿ ವಸಿ ಬಿಸ್ಲು ತೋರಿಸ್ಬೇಕು."

"ಸೋಪಿಗೆ ಹೇಗೆ ಯಜಮಾನ್ರೇ ಬಿಸಿಲು ತೋರಿಸೋದು?"

"ಪಾದದಿಂದ ಸುರು ಮಾಡಿ. ಮೊದ್ಲ ವಾರ ಪಾದಕ್ಕೆ ಮಾತ್ರ ದೊಡ್ಡೋರ ಸೋಪು. ಏನೂ ಆಗ್ಲಿಲ್ವಾ, ಮುಂದ್ಲ ವಾರ ಮೊಣಕಾಲ್ಗಂಟ. ಇಂಗೇ ಮ್ಯಾಕೆ ಓಗಿ."

ಹೀಗೆ ನಮ್ಮ ಬಚ್ಚಲಿನಲ್ಲಿ ನಾಟಿ ಶುರುವಾಯಿತು. ನಿಧಿಯ ಮೈಮೇಲೆ ಒಂದು ಗಡಿ ಇತ್ತು, ಅದರ ಕೆಳಗೆ ಗಂಧದ ಸೋಪು, ಮೇಲೆ ಪಾಪು ಸೋಪು. ನನ್ನ ಕೈ ಗಡಿ ದಾಟಿದರೆ ಅವಳೇ ತಡೆದು ಎಚ್ಚರಿಸುತ್ತಿದ್ದಳು. ಮೂರನೇ ವಾರ ಫೋನಿನಲ್ಲಿ ಅಜ್ಜಿಗೆ "ನಾನೀಗ ಸೊಂಟದವರೆಗೆ ದೊಡ್ಡವಳು" ಎಂದು ವರದಿ ಒಪ್ಪಿಸಿದಳು. ಪ್ರತಿ ಭಾನುವಾರ ಜಗಲಿಯಲ್ಲಿ ಮುನಿಶಾಮಪ್ಪನವರು ಕನ್ನಡಕ ಏರಿಸಿಕೊಂಡು, ಹಿಂದೆ ಎಲೆಯ ಅಡಿ ಹುಳು ಹುಡುಕುತ್ತಿದ್ದ ಶ್ರದ್ಧೆಯಿಂದಲೇ ಅವಳ ಕಾಲು ತಿರುಗಿಸಿ ನೋಡುತ್ತಿದ್ದರು. ಒಂದು ವಾರ ಮೊಣಕಾಲಿನ ಹತ್ತಿರ ನಾಲ್ಕು ಕೆಂಪು ಗುಳ್ಳೆ ಕಂಡವು. ನಾನಾಗಲೇ ಡಾಕ್ಟರಿಗೆ ಫೋನ್ ಮಾಡಲು ಹೊರಟಿದ್ದೆ.

"ಮೇಷ್ಟ್ರೇ, ಇದು ಸೋಪಲ್ಲ, ಸೊಳ್ಳೆ," ಅಂದರು.

ಕುತ್ತಿಗೆಯವರೆಗೂ ನಾಟಿ ಗೆದ್ದಿತು. ಶಾಂಪೂ ಮಾತ್ರ ಇನ್ನೂ ಎರಡು ತಿಂಗಳು ಹಳೆಯದೇ ಇರಲಿ ಅಂದರು. "ತಲೇಗೆ ಅವಸ್ರ ಬ್ಯಾಡ. ದೊಡ್ಡೋರ್ಗೂ ತಲೆ ಕೊನೇಗೇ ಬೆಳ್ಯೋದು." ಹೇಳುವಾಗ ನನ್ನನ್ನೇ ನೋಡುತ್ತಿದ್ದರು.

ಮನೆಯಲ್ಲಿ ಒಡೆಯದ ಎರಡು ಪಾಪು ಸೋಪು ಉಳಿದಿದ್ದವು. ನಿಧಿ ಅವನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಸುತ್ತಿ ತಾತನಿಗೆ ಕೊಟ್ಟು ಬಂದಳು. ಅವು ಮುಗಿದ ಮೇಲೆ ತರುವ ಕೆಲಸವೂ ಅವಳದೇ ಆಯಿತು. ಅಲ್ಲಿಯತನಕ ಆ ಮೀಸೆ ಹೊತ್ತುಕೊಂಡು ಅವರು ತಮ್ಮ ಗುರುತು ಹಿಡಿಯುವವರಿಲ್ಲದ ಶೆಟ್ಟಿಹಳ್ಳಿ ಕಡೆಯ ಅಂಗಡಿಗೆ ಹೋಗಿ ಸೋಪು ತರುತ್ತಿದ್ದರಂತೆ. ಒಂದು ದಿನ ನಾನೂ ಜೊತೆಗಿದ್ದಾಗ ನಮ್ಮ ಬೀದಿಯ ಅಂಗಡಿಯವನು ನಕ್ಕ. "ಏನ್ ಪುಟ್ಟಿ, ಇಷ್ಟ್ ದೊಡ್ಡೋಳಾದ್ರೂ ಇನ್ನೂ ಪಾಪು ಸೋಪಾ?"

ಪಕ್ಕದಲ್ಲೇ ಅವಳ ಕ್ಲಾಸಿನ ಇಬ್ಬರು ಹುಡುಗಿಯರು ಚಾಕಲೇಟ್ ಕೊಳ್ಳುತ್ತಿದ್ದರು. ನಿಧಿಯ ಮುಖ ಕೆಂಪಾಯಿತು. ಅದೇ ಮಾತಿಗೆ ಹಿಂದೆ ಸ್ಕೂಲು ಬಿಡಲು ಹೊರಟಿದ್ದವಳು.

"ಹೂಂ ಅಂಕಲ್, ನಂಗೇ," ಅಂದಳು.

ದಾರಿಯುದ್ದಕ್ಕೂ ನಾನು ಅವಳ ಕೈ ಹಿಡಿದುಕೊಂಡು ನಡೆದೆ. ಅವಳು ದೊಡ್ಡವಳಾದದ್ದು ಆ ಸೋಪಿನಿಂದಲ್ಲ ಎಂದು ಅಂದು ನನಗೆ ಹೊಳೆಯಿತು, ಹೆಮ್ಮೆಯೂ ಆಯಿತು.

ಹೋದ ವರ್ಷ ಸಂಕ್ರಾಂತಿ ಕಳೆದ ವಾರ, ಒಂದು ಬೆಳಿಗ್ಗೆ, ಜಗಲಿಯಲ್ಲಿ ಕಾಫಿ ಕುಡಿದು ಲೋಟ ಕೆಳಗಿಟ್ಟ ಮುನಿಶಾಮಪ್ಪನವರು ಮತ್ತೆ ಏಳಲಿಲ್ಲ. ಮಧ್ಯಾಹ್ನ ಅಂಗಳದಲ್ಲಿ ಅವರನ್ನು ಮೀಯಿಸಲು ನೀರು ಕಾಯಿಸಿದರು. ಸಿಂಗಾಪುರದ ಹಳೇ ಮನೆತನಗಳವರೆಲ್ಲ ಸೇರಿದ್ದರು. ಅವರ ಮಗ ನಾಗರಾಜಣ್ಣ ಹೊಸ ಗಂಧದ ಸೋಪಿನ ಪೊಟ್ಟಣ ಒಡೆಯುತ್ತಿದ್ದರು. ಅಷ್ಟರಲ್ಲಿ ನಿಧಿ ನನ್ನ ಕೈ ಬಿಡಿಸಿಕೊಂಡು ಮೇಲೆ ಓಡಿ, ಮೊನ್ನೆಯಷ್ಟೇ ತಂದು ತಾತನಿಗೆ ಇನ್ನೂ ಕೊಡದೆ ಉಳಿದಿದ್ದ ಸೋಪನ್ನು ಹಿಡಿದು ಬಂದಳು.

"ಅದು ಬೇಡ ಅಂಕಲ್. ಇದು ಹಾಕಿ."

ನಾಗರಾಜಣ್ಣ ಒದ್ದೆ ಕಣ್ಣಲ್ಲಿ ಸೋಪು ನೋಡಿದರು, ಮೂಸಿದರು. "ಯಾರ್ದಮ್ಮ ಇದು?"

ನಿಧಿ ಸುತ್ತ ನಿಂತವರನ್ನೆಲ್ಲ ನೋಡಿದಳು. ಮಲಗಿದ್ದ ತಾತನ ಮೀಸೆಯನ್ನು ನೋಡಿದಳು.

"ನಂದು," ಅಂದಳು.